ರೋಗದ ಗೆಣಸಿನ ಕುಡಿಯನ್ನು ಮೈನಸ್ 196 ಡಿಗ್ರಿಯಲ್ಲಿ ಮುಳುಗಿಸಿದರೆ ಏನಾಗುತ್ತದೆ?

ಪ್ರಶ್ನೆ: ನನ್ನ ಬಳಿ ಒಂದು ಹಳೆಯ ಸಿಹಿಗೆಣಸಿನ ತಳಿ ಇದೆ. ಬೇರೆ ಯಾರ ಹತ್ತಿರವೂ ಇದ್ದಂತಿಲ್ಲ. ಮೂರ್ನಾಲ್ಕು ವರ್ಷದಿಂದ ಎಲೆ ಮುದುರುತ್ತಿದೆ, ಗೆಡ್ಡೆ ಸಣ್ಣದಾಗುತ್ತಿದೆ. ನೋಡಿದವರು ವೈರಸ್ ಎಂದರು. ಕುಡಿಯನ್ನು ದ್ರವ ಸಾರಜನಕದಲ್ಲಿ ಅದ್ದಿ ತೆಗೆದರೆ ರೋಗ ಹೋಗುತ್ತದೆ, ತಳಿಯನ್ನು ಹಾಗೇ ವರ್ಷಗಟ್ಟಲೆ ಕಾಪಾಡಲೂಬಹುದು ಎಂದು ಓದಿದೆ. ಆದರೆ ಒಂದು ರಾತ್ರಿ ಹಿಮ ಬಿದ್ದರೆ ಸಾಕು, ಗೆಣಸಿನ ಬಳ್ಳಿ ಕಪ್ಪಾಗಿ ಸತ್ತುಹೋಗುತ್ತದೆ. ಅಷ್ಟು ಚಳಿಯಲ್ಲಿ ಗಿಡ ಉಳಿದು ರೋಗ ಮಾತ್ರ ಸಾಯುವುದು ಹೇಗೆ? ಮನೆಯ ಫ್ರೀಜರ್‌ನಲ್ಲಿ ಇದನ್ನು ಮಾಡಬಹುದಾ?

ಉತ್ತರ: ಮೊದಲು ಫ್ರೀಜರ್ ವಿಷಯ ಮುಗಿಸಿಬಿಡೋಣ. ಬೇಡ. ಕುಡಿಯನ್ನು ಫ್ರೀಜರ್‌ನಲ್ಲಿಟ್ಟರೆ ನೀವು ಹೇಳಿದ ಆ ಹಿಮದ ರಾತ್ರಿಯನ್ನೇ ಪೆಟ್ಟಿಗೆಯೊಳಗೆ ತಂದಂತೆ. ಗಿಡ ಖಂಡಿತ ಸಾಯುತ್ತದೆ. ವೈರಸ್ ಮಾತ್ರ ಆರಾಮಾಗಿ ಉಳಿಯುವ ಸಾಧ್ಯತೆಯೇ ಜಾಸ್ತಿ.

ಇದು ತಮಾಷೆಗೆ ಹೇಳಿದ್ದಲ್ಲ. ಚಳಿ ವೈರಸ್ಸನ್ನು ಕೊಲ್ಲುವುದಿಲ್ಲ. ವೈರಸ್ ಬಗ್ಗೆ ಸಂಶೋಧನೆ ಮಾಡುವವರು ರೋಗದ ಎಲೆಗಳನ್ನು ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಇನ್ನೂ ಹೆಚ್ಚು ಕಾಲ ಬೇಕಾದರೆ ದ್ರವ ಸಾರಜನಕದಲ್ಲೇ ಇಡುತ್ತಾರೆ. ವರ್ಷಗಳ ನಂತರ ತೆಗೆದು ಹೊಸ ಗಿಡಕ್ಕೆ ಹಚ್ಚಿದರೆ ರೋಗ ಮತ್ತೆ ಬರುತ್ತದೆ. ಹಾಗಿದ್ದರೆ ಅದೇ ದ್ರವದಲ್ಲಿ ಅದ್ದಿದ ಕುಡಿ ರೋಗಮುಕ್ತವಾಗುವುದು ಹೇಗೆ? ಅಲ್ಲಿ ಸಾಯುವುದು ವೈರಸ್ ಅಲ್ಲ, ವೈರಸ್ ಇರುವ ಮನೆ. ಕುಡಿಯ ಬಹುಪಾಲು ಜೀವಕೋಶಗಳು ಸಾಯುತ್ತವೆ. ತುತ್ತತುದಿಯ ಒಂದಿಷ್ಟು ಕೋಶಗಳು ಬದುಕುತ್ತವೆ. ಆ ಕೋಶಗಳಲ್ಲಿ ವೈರಸ್ ಮೊದಲೇ ಇರುವುದಿಲ್ಲ. ಉಪಾಯ ಇಷ್ಟೇ. ಆದರೆ ಈ ಸಣ್ಣ ಉಪಾಯದ ಹಿಂದೆ ಅರವತ್ತು ವರ್ಷದ ಕೆಲಸ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗಿಡವನ್ನು ಕೊಲ್ಲುವುದು ಚಳಿ ಅನ್ನುವುದಕ್ಕಿಂತ ಮಂಜುಗಡ್ಡೆ ಅನ್ನಬೇಕು. ಟೊಮೆಟೊ ಹಣ್ಣನ್ನು ಫ್ರೀಜರ್‌ನಲ್ಲಿಟ್ಟು ಹೊರಗೆ ತೆಗೆದು ನೋಡಿ. ಕರಗುತ್ತಿದ್ದ ಹಾಗೆ ಮೆತ್ತಗಾಗಿ ನೀರು ಬಿಟ್ಟು ಕುಸಿದುಬಿಡುತ್ತದೆ. ಒಳಗೆ ಬೆಳೆದ ಮಂಜಿನ ಹರಳುಗಳು ಕೋಶದ ಪೊರೆಯನ್ನು ಹರಿದುಹಾಕಿರುತ್ತವೆ. ಹಾಗಾಗಿ ಕೆಲಸ ಇರುವುದು ಹರಳು ಆಗದಂತೆ ತಣಿಸುವುದರಲ್ಲಿ. ಸಕ್ಕರೆ ಪಾಕ ನೆನಪಿಸಿಕೊಳ್ಳಿ. ನಿಧಾನಕ್ಕೆ ಬಿಟ್ಟರೆ ಹರಳುಗಟ್ಟುತ್ತದೆ. ಚೆನ್ನಾಗಿ ಗಟ್ಟಿ ಮಾಡಿ ಒಮ್ಮೆಲೇ ತಣಿಸಿದರೆ ಗಾಜಿನ ಹಾಗೆ ತಿಳಿಯಾಗಿ ನಿಲ್ಲುತ್ತದೆ. ಕೋಶದೊಳಗಿನ ನೀರನ್ನೂ ಹೀಗೆ ಗಾಜು ಮಾಡಬಹುದು. ಗಾಜಿನಲ್ಲಿ ಹರಳಿಲ್ಲ, ಹರಳಿಲ್ಲದಿದ್ದರೆ ಪೊರೆ ಹರಿಯುವುದಿಲ್ಲ.

ಇದಕ್ಕೆ ದಾರಿ ತೋರಿಸಿದವರು ಜಪಾನಿನ ಅಕಿರಾ ಸಕಾಯಿ. 1960ರಲ್ಲಿ ಅವರು ಚಳಿಗಾಲದ ಹಿಪ್ಪುನೇರಳೆ ಕಡ್ಡಿಗಳನ್ನು ಮೊದಲು ಮೈನಸ್ 30 ಡಿಗ್ರಿಯ ಆಸುಪಾಸಿಗೆ ತಣಿಸಿದರು. ಆಮೇಲೆ ದ್ರವ ಸಾರಜನಕಕ್ಕೆ ಹಾಕಿದರು. ಕಡ್ಡಿಗಳು ಬದುಕಿದವು. ಮೊದಲ ಹಂತದಲ್ಲಿ ನಿಧಾನಕ್ಕೆ ತಣಿಸಿದಾಗ ಕೋಶದ ಹೊರಗೆ ಮಂಜು ಕಟ್ಟಿ, ಒಳಗಿನ ನೀರನ್ನು ಅದು ಎಳೆದುಕೊಳ್ಳುತ್ತದೆ. ಒಳಗೆ ಉಳಿಯುವುದು ಗಟ್ಟಿ ರಸ. ಹರಳಾಗುವಷ್ಟು ನೀರೇ ಅಲ್ಲಿರುವುದಿಲ್ಲ. ಚಳಿಗೆ ಪಳಗಿದ ಮರಗಳಿಗೆ ಇದು ಒಗ್ಗುತ್ತದೆ. ಸೇಬಿನ ಮೊಗ್ಗುಗಳನ್ನು ಇವತ್ತಿಗೂ ಹೆಚ್ಚುಕಡಿಮೆ ಹೀಗೇ ಇಡುತ್ತಾರೆ. ಗೆಣಸು, ಬಾಳೆಯಂಥ ಬಿಸಿಲುನಾಡಿನ ಗಿಡಗಳು ಈ ಪಾಠ ಕಲಿತೇ ಇಲ್ಲ. ಅವಕ್ಕೆ ಬೇರೆ ದಾರಿ ಬೇಕಿತ್ತು.

ಆ ದಾರಿಯೂ ಸಕಾಯಿ ಅವರ ತಂಡದಿಂದಲೇ ಬಂತು, 1990ರಲ್ಲಿ. ಅದರ ಹೆಸರು ಪಿವಿಎಸ್‌2. ಗ್ಲಿಸರಾಲ್ ನೂರಕ್ಕೆ 30, ಎಥಿಲೀನ್ ಗ್ಲೈಕಾಲ್ 15, ಡಿಎಂಎಸ್‌ಒ 15, ಜೊತೆಗೆ ಸಕ್ಕರೆ ಸೇರಿಸಿದ ಪೋಷಕ ದ್ರಾವಣ. ಮಂದವಾಗಿರುತ್ತದೆ, ಪಿಪೆಟ್‌ನಲ್ಲಿ ಎಳೆದರೆ ಎಣ್ಣೆಯ ಹಾಗೆ ನಿಧಾನಕ್ಕೆ ಏರುತ್ತದೆ. ಕುಡಿಯನ್ನು ಇದರಲ್ಲಿ ನೆನೆಸಿದರೆ ನೀರು ಹೊರಗೆ ಬರುತ್ತದೆ, ಒಳಗಿನ ರಸ ಗಟ್ಟಿಯಾಗುತ್ತದೆ. ಆದರೆ ಇದು ಔಷಧಿಯೂ ಹೌದು, ವಿಷವೂ ಹೌದು. ಕಡಿಮೆ ಹೊತ್ತು ಇಟ್ಟರೆ ಹರಳು ಕೊಲ್ಲುತ್ತದೆ, ಹೆಚ್ಚು ಹೊತ್ತು ಇಟ್ಟರೆ ದ್ರಾವಣವೇ ಕೊಲ್ಲುತ್ತದೆ.

ನಾನು ಮೊದಲ ಸಲ ಮಾಡಿದಾಗ ಇದನ್ನು ಚೆನ್ನಾಗಿಯೇ ಕಲಿತೆ. ಪುಸ್ತಕದಲ್ಲಿ ಮಂಜುಗಡ್ಡೆಯ ಮೇಲೆ ಇಡಿ ಎಂದಿತ್ತು. ಸ್ವಲ್ಪ ಹೊತ್ತು ತಾನೇ ಎಂದು ಸುಮ್ನೆ ಮೇಜಿನ ಮೇಲೆ ಇಟ್ಟೆ. ಸಮಯ ಮಾತ್ರ ಪುಸ್ತಕದಲ್ಲಿ ಇದ್ದಷ್ಟೇ. ಐವತ್ತು ಕುಡಿಗಳಲ್ಲಿ ಒಂದೂ ಉಳಿಯಲಿಲ್ಲ. ಸೊನ್ನೆ ಡಿಗ್ರಿಯಲ್ಲಿ ಕುಡಿ ಅರ್ಧ ಗಂಟೆ ತಡೆದುಕೊಳ್ಳುವ ದ್ರಾವಣ, ಕೋಣೆಯ ಶಾಖದಲ್ಲಿ ಅದಕ್ಕಿಂತ ತುಂಬಾ ಬೇಗ ಒಳಗೆ ಇಳಿಯುತ್ತದೆ. ದ್ರವ ಸಾರಜನಕ ಮುಟ್ಟುವ ಮೊದಲೇ ನಾನು ಅವನ್ನು ಕೊಂದಿದ್ದೆ.

ಸರಿಯಾಗಿ ಮಾಡಿದರೆ ಹೇಗಿರುತ್ತದೆ ನೋಡಿ. ಗಾಜಿನ ನಳಿಗೆಯಲ್ಲಿ ಬೆಳೆದ ಗೆಣಸಿನ ಸಸಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಎಲೆಗಳನ್ನು ಒಂದೊಂದಾಗಿ ಸುಲಿಯುತ್ತೇವೆ. ಕೊನೆಗೆ ಎರಡು ಮೂರು ಎಳೆಯ ಎಲೆಮೊಳಕೆಗಳು ಕೈಮುಗಿದ ಹಾಗೆ ನಿಂತಿರುತ್ತವೆ. ಅವುಗಳ ನಡುವೆ ಬೆಳಕಿಗೆ ಮಿನುಗುವ ಒಂದು ಗುಮ್ಮಟ ಕಾಣುತ್ತದೆ, ಇಬ್ಬನಿಯ ಹನಿಗಿಂತ ಎಷ್ಟೋ ಸಣ್ಣದು. ಅದೇ ಮೆರಿಸ್ಟೆಮ್. ಗಿಡದ ಎಲ್ಲ ಎಲೆ, ಎಲ್ಲ ಕಾಂಡ ಹುಟ್ಟುವುದು ಅಲ್ಲಿಂದ. ಅದನ್ನೂ ಸೇರಿಸಿ ಸುಮಾರು ಒಂದು ಮಿಲಿಮೀಟರ್ ಉದ್ದದ ತುದಿಯನ್ನು ಕತ್ತರಿಸುತ್ತೇವೆ. ಸಕ್ಕರೆ ಜಾಸ್ತಿ ಇರುವ ಆಹಾರದ ಮೇಲೆ ಒಂದೆರಡು ದಿನ ಇಡುತ್ತೇವೆ. ಆಮೇಲೆ ಗ್ಲಿಸರಾಲ್ ಮತ್ತು ಸಕ್ಕರೆಯ ದ್ರಾವಣದಲ್ಲಿ ಇಪ್ಪತ್ತು ನಿಮಿಷ, ಆಮೇಲೆ ಪಿವಿಎಸ್‌2. ಅಲ್ಯುಮಿನಿಯಂ ಹಾಳೆಯ ಸಣ್ಣ ಪಟ್ಟಿಯ ಮೇಲೆ ಇದೇ ದ್ರಾವಣದ ಹನಿಗಳನ್ನಿಟ್ಟು, ಪ್ರತಿ ಹನಿಯೊಳಗೆ ಒಂದೊಂದು ತುದಿ ಕೂರಿಸುತ್ತೇವೆ. ಇಕ್ಕಳದಲ್ಲಿ ಪಟ್ಟಿ ಹಿಡಿದು ದ್ರವ ಸಾರಜನಕದೊಳಗೆ ಮುಳುಗಿಸುತ್ತೇವೆ. ಚುರ್ ಅನ್ನುತ್ತದೆ, ಅಷ್ಟೇ.

ಹಾಳೆ ಯಾಕೆ ಅಂದರೆ ವೇಗಕ್ಕೆ. ಕಾದ ಹೆಂಚಿನ ಮೇಲೆ ನೀರಿನ ಹನಿ ಓಡಾಡುವುದನ್ನು ನೋಡಿದ್ದೀರಲ್ಲ, ಹನಿಯ ಕೆಳಗೆ ಆವಿಯ ಪದರ ಇರುತ್ತದೆ. ದ್ರವ ಸಾರಜನಕಕ್ಕೆ ಹಾಕಿದ ವಸ್ತುವಿನ ಸುತ್ತಲೂ ಅಂಥದೇ ಪದರ ಕಟ್ಟಿ ತಣಿಯುವುದನ್ನು ತಡ ಮಾಡುತ್ತದೆ. ಪ್ಲಾಸ್ಟಿಕ್ ನಳಿಗೆಯೊಳಗೆ ಇದ್ದರೆ ಇನ್ನೂ ತಡ. ತೆಳು ಲೋಹದ ಮೇಲೆ ಪುಟ್ಟ ಹನಿ ಇಟ್ಟರೆ ಚಳಿ ತಟ್ಟನೆ ತಾಕುತ್ತದೆ. ಬೆಲ್ಜಿಯಂನ ಲೂವೆನ್‌ನಲ್ಲಿ ಬಾರ್ಟ್ ಪಾನಿಸ್ ಮತ್ತು ಜೊತೆಗಾರರು 2005ರಲ್ಲಿ ಬಾಳೆಯ ಕುಡಿಗಳ ಮೇಲೆ ಈ ಹನಿ ವಿಧಾನವನ್ನು ಪಕ್ಕಾ ಮಾಡಿದರು. ಆಮೇಲೆ ಎಷ್ಟೋ ಬೆಳೆಗಳಿಗೆ ಅದೇ ರೂಢಿಯಾಯಿತು.

ಹೊರಗೆ ತೆಗೆಯುವಾಗಲೂ ಅಷ್ಟೇ ವೇಗ ಬೇಕು. ನಿಧಾನಕ್ಕೆ ಬೆಚ್ಚಗಾದರೆ ಗಾಜು ದಾರಿಯಲ್ಲೇ ಹರಳಾಗಿಬಿಡುತ್ತದೆ. ಹಾಗಾಗಿ ಪಟ್ಟಿಯನ್ನು ನೇರವಾಗಿ ಗಟ್ಟಿ ಸಕ್ಕರೆ ದ್ರಾವಣಕ್ಕೆ ಹಾಕುತ್ತೇವೆ. ಹದಿನೈದು ನಿಮಿಷದಲ್ಲಿ ವಿಷದ ದ್ರಾವಣ ಹೊರಗೆ ಬರುತ್ತದೆ. ಆಮೇಲೆ ಆಹಾರದ ತಟ್ಟೆಗೆ ಹಾಕಿ ಕೆಲವು ದಿನ ಕತ್ತಲೆಯಲ್ಲಿ ಇಡಬೇಕು.

ನಿಮ್ಮ ಪ್ರಶ್ನೆಗೆ ಉತ್ತರ ಈ ತಟ್ಟೆಯಲ್ಲಿದೆ. ಒಂದು ವಾರ ಬಿಟ್ಟು ನೋಡಿದರೆ ತುದಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಹೊಸಬರು ಇದನ್ನು ನೋಡಿ ತಟ್ಟೆ ಎಸೆಯಲು ಹೋಗುತ್ತಾರೆ. ಎರಡನೇ ವಾರ, ಕೆಲವೊಮ್ಮೆ ಮೂರನೇ ವಾರ, ಆ ಕಂದು ಚೂರಿನ ನೆತ್ತಿಯಲ್ಲಿ ಸೂಜಿಮೊನೆಯಷ್ಟು ಹಸಿರು ಕಾಣುತ್ತದೆ. ಉಳಿದದ್ದು ಅಷ್ಟೇ ಭಾಗ. ಒಂದು ಮಿಲಿಮೀಟರ್ ತುದಿಯಲ್ಲಿ ಗುಮ್ಮಟ ಮತ್ತು ಅದರ ಪಕ್ಕದ ಎಳೆಯ ಕೋಶಗಳು ಮಾತ್ರ ಬದುಕಿವೆ. ಕೆಳಗಿನದೆಲ್ಲ ಸತ್ತಿದೆ.

ಯಾಕೆ ಹೀಗೆ? ಗುಮ್ಮಟದ ಕೋಶಗಳು ಚಿಕ್ಕವು, ರಸ ದಟ್ಟವಾಗಿರುತ್ತದೆ, ಒಳಗೆ ನೀರಿನ ಚೀಲ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು. ಇವು ಸುಲಭವಾಗಿ ಗಾಜಾಗುತ್ತವೆ. ಕೆಳಗಿನ ಬೆಳೆದ ಕೋಶಗಳ ಹೊಟ್ಟೆ ತುಂಬಾ ವ್ಯಾಕ್ಯೂಲ್ ಎಂಬ ನೀರಿನ ಚೀಲ. ಎಷ್ಟು ನೆನೆಸಿದರೂ ಅಲ್ಲಿ ನೀರು ಉಳಿಯುತ್ತದೆ, ಹರಳು ಕಟ್ಟುತ್ತದೆ, ಕೋಶ ಒಡೆಯುತ್ತದೆ. ಇನ್ನು ವೈರಸ್ ಎಲ್ಲಿರುತ್ತದೆ? ಬಹುಪಾಲು ವೈರಸ್ಸುಗಳು ದೂರ ಹೋಗಲು ಗಿಡದ ಆಹಾರ ಸಾಗಿಸುವ ಕೊಳವೆಗಳನ್ನು ಹಿಡಿಯುತ್ತವೆ. ಆ ಕೊಳವೆ ಗುಮ್ಮಟದವರೆಗೆ ಬೆಳೆದಿರುವುದಿಲ್ಲ. ಕೋಶದಿಂದ ಕೋಶಕ್ಕೆ ನಿಧಾನವಾಗಿ ತೆವಳಿ ಬರೋಣ ಅಂದರೆ ತುದಿ ಅಷ್ಟರಲ್ಲಿ ಮುಂದೆ ಬೆಳೆದಿರುತ್ತದೆ. ಜೊತೆಗೆ ಗಿಡದ ಕಾವಲೂ ಅಲ್ಲಿ ಬಿಗಿ. ತುದಿಯ ಮೂಲಕೋಶಗಳಲ್ಲಿರುವ ವುಶೆಲ್ ಎಂಬ ಪ್ರೋಟೀನ್ ವೈರಸ್ ಬೆಳೆಯುವುದನ್ನೇ ತಡೆಯುತ್ತದೆ ಎಂದು 2020ರಲ್ಲಿ ಅರಾಬಿಡಾಪ್ಸಿಸ್ ಎಂಬ ಪ್ರಯೋಗದ ಪುಟ್ಟ ಗಿಡದಲ್ಲಿ ತೋರಿಸಿದರು.

ಅಂದರೆ ಚಳಿ ಸಾಯಿಸುವ ಜಾಗ ಮತ್ತು ವೈರಸ್ ಇರುವ ಜಾಗ ಹೆಚ್ಚುಕಡಿಮೆ ಒಂದೇ. ನಮ್ಮ ಅದೃಷ್ಟ, ಇನ್ನೇನು!

ತುದಿಯಲ್ಲಿ ವೈರಸ್ ಇಲ್ಲ ಅನ್ನುವುದು ಹೊಸ ವಿಷಯವೇನಲ್ಲ. ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ 1952ರಲ್ಲೇ ರೋಗದ ಡೇಲಿಯ ಗಿಡದ ತುದಿಯನ್ನು ಬೆಳೆಸಿ ರೋಗವಿಲ್ಲದ ಗಿಡ ಪಡೆದಿದ್ದರು. ಮೆರಿಸ್ಟೆಮ್ ಕೃಷಿ ಅನ್ನುವುದು ಅದನ್ನೇ. ಕಷ್ಟ ಇರುವುದು ಕೈಯಲ್ಲಿ. ತುದಿಯನ್ನು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗಕ್ಕೆ ಕತ್ತರಿಸಬೇಕು. ಅಷ್ಟು ಚಿಕ್ಕದಾದರೆ ಒಣಗಿ ಸಾಯುತ್ತದೆ. ಸ್ವಲ್ಪ ದೊಡ್ಡದಾದರೆ ವೈರಸ್ ಜೊತೆಗೇ ಬರುತ್ತದೆ. ಕ್ರಯೋಥೆರಪಿಯಲ್ಲಿ, ಅಂದರೆ ನಾನು ಮೇಲೆ ಹೇಳಿದ ಈ ಚಳಿ ಚಿಕಿತ್ಸೆಯಲ್ಲಿ, ದೊಡ್ಡದಾಗಿಯೇ ಕತ್ತರಿಸಿ, ಉಳಿದ ಕತ್ತರಿಸುವ ಕೆಲಸವನ್ನು ಚಳಿಗೆ ಬಿಡುತ್ತೇವೆ. ಯಾವ ಚಾಕುವಿಗಿಂತಲೂ ಅದು ಸೂಕ್ಷ್ಮ.

ಹೀಗೆ ರೋಗ ಬಿಡಿಸಬಹುದು ಎಂದು ಮೊದಲು ತೋರಿಸಿದ್ದು 1997ರಲ್ಲಿ, ಪ್ಲಮ್ ಪಾಕ್ಸ್ ವೈರಸ್ ತಗುಲಿದ ಪ್ರೂನಸ್ (ಪ್ಲಮ್, ಪೀಚ್‌ಗಳ ಜಾತಿ) ಕುಡಿಗಳಲ್ಲಿ. ಆಮೇಲೆ ಬಾಳೆ, ದ್ರಾಕ್ಷಿ, ಆಲೂಗಡ್ಡೆ, ಕಿತ್ತಳೆ ಜಾತಿ ಎಲ್ಲದರಲ್ಲೂ ಬಂತು. ನಿಮ್ಮ ಸಿಹಿಗೆಣಸಿನಲ್ಲಿ ಫಲಿತಾಂಶ ಇನ್ನೂ ಚೆನ್ನ. ಎಲೆ ಚಿಕ್ಕದಾಗಿಸುವ ಫೈಟೋಪ್ಲಾಸ್ಮಾ (ವೈರಸ್ ಅಲ್ಲ, ಒಂದು ಬಗೆಯ ಬ್ಯಾಕ್ಟೀರಿಯಾ) ರೋಗವನ್ನು ಬರೀ ತುದಿ ಬೆಳೆಸಿ ಬಿಡಿಸಲು ಹೋದಾಗ ನೂರಕ್ಕೆ 7ರಿಂದ 10 ಗಿಡ ಮಾತ್ರ ಶುದ್ಧವಾದವು. ಕ್ರಯೋಥೆರಪಿಯಲ್ಲಿ ನೂರಕ್ಕೆ ನೂರು. 2008ರ ಕೆಲಸ ಅದು. ಫೈಟೋಪ್ಲಾಸ್ಮಾ ಆಹಾರದ ಕೊಳವೆ ಬಿಟ್ಟು ಆಚೆ ಹೋಗುವುದೇ ಇಲ್ಲ, ಹಾಗಾಗಿ ಇಷ್ಟು ಸಲೀಸು. ನಿಮ್ಮ ಬಳ್ಳಿಯಲ್ಲಿ ಇರುವುದು ಬಹುಶಃ ಎರಡು ವೈರಸ್. ಬಿಳಿನೊಣ ತರುವ ಕ್ಲೋರೋಟಿಕ್ ಸ್ಟಂಟ್ ಒಂದು, ಗಿಡಹೇನು ತರುವ ಫೆದರಿ ಮಾಟಲ್ ಇನ್ನೊಂದು. ಫೆದರಿ ಮಾಟಲ್ ಒಂದೇ ಬಂದರೆ ಗೆಣಸು ಹೇಗೋ ಸಹಿಸಿಕೊಳ್ಳುತ್ತದೆ. ಬಿಳಿನೊಣದ ವೈರಸ್ ಸೇರಿಕೊಂಡರೆ ಅದು ಗಿಡದ ಕಾವಲನ್ನು ಮುರಿದು ಇನ್ನೊಂದಕ್ಕೆ ಬಾಗಿಲು ತೆಗೆದುಕೊಡುತ್ತದೆ. ಆಗ ನೀವು ಹೇಳಿದ ಹಾಗೆ ಎಲೆ ಮುದುರಿ ಗೆಡ್ಡೆ ಕುಗ್ಗುತ್ತದೆ. ಎರಡನ್ನೂ ಕ್ರಯೋಥೆರಪಿಯಿಂದ ಬಿಡಿಸಿದ್ದಾರೆ. ಇದು ನೋಡದೆ ಮಾಡಿದ ಊಹೆ, ಪರೀಕ್ಷೆ ಮಾಡಿಸಿ.

ಎಲ್ಲ ರೋಗಕ್ಕೂ ಇದು ಮದ್ದಲ್ಲ. ಕೆಲವು ವೈರಸ್ಸುಗಳು ಗುಮ್ಮಟದ ಒಳಕ್ಕೇ ನುಗ್ಗುತ್ತವೆ. ರಾಸ್ಪ್ಬೆರಿಯ ಬುಷಿ ಡ್ವಾರ್ಫ್ ವೈರಸ್ ಅಂಥದು. ಅದಕ್ಕೆ ಮೊದಲು ಗಿಡವನ್ನು ಕೆಲವು ವಾರ ಬಿಸಿಯಲ್ಲಿ ಬೆಳೆಸಿ ವೈರಸ್ಸನ್ನು ತುದಿಯಿಂದ ಕೆಳಕ್ಕೆ ಸರಿಸಬೇಕು, ಆಮೇಲೆ ಚಳಿ ಕೊಡಬೇಕು. ವೈರಾಯ್ಡ್‌ಗಳು ಇನ್ನೂ ಹಟಮಾರಿಗಳು. ಆಲೂಗಡ್ಡೆ ಸ್ಪಿಂಡಲ್ ಟ್ಯೂಬರ್ ವೈರಾಯ್ಡ್ ಅಂದರೆ ಪ್ರೋಟೀನ್ ಹೊದಿಕೆಯೂ ಇಲ್ಲದ, 359 ಅಕ್ಷರದಷ್ಟು ಉದ್ದದ ಬರೀ ಆರ್‌ಎನ್‌ಎ ಉಂಗುರ. ಇಂಥವನ್ನು ಚಳಿಯೊಂದರಿಂದಲೇ ಓಡಿಸುವುದು ಬಹಳ ಕಷ್ಟ. ಬಾಳೆಯಲ್ಲಿ ಇನ್ನೊಂದು ವಿಚಿತ್ರ ಇದೆ. ಬಾಲ್ಬಿಸಿಯಾನ ಎಂಬ ಕಾಡುಬಾಳೆಯ ವಂಶದ ಬಾಳೆಗಳ ವರ್ಣತಂತುವಿನಲ್ಲೇ ಸ್ಟ್ರೀಕ್ ವೈರಸ್ಸಿನ ತುಣುಕುಗಳು ಸೇರಿಕೊಂಡಿವೆ. ಗಿಡಕ್ಕೆ ಕಷ್ಟ ಬಂದಾಗ, ಅಂಗಾಂಶ ಕೃಷಿಯ ಒತ್ತಡಕ್ಕೂ ಕೆಲವೊಮ್ಮೆ, ಅವು ಎದ್ದು ಕೂರುತ್ತವೆ. ಮನೆಯ ಅಡಿಪಾಯದಲ್ಲೇ ಕೂತವರನ್ನು ಹೊರಗೆ ಹಾಕುವುದು ಹೇಗೆ?

ಈಗ ನಿಮ್ಮ ಎರಡನೇ ಆಸೆ, ತಳಿ ಕಾಪಾಡುವುದು. ಗೆಣಸಿನ ಬೀಜ ಇಟ್ಟರೆ ತಳಿ ಉಳಿಯುವುದಿಲ್ಲ, ಬೀಜದಿಂದ ಬಂದ ಗಿಡ ತಾಯಿಯ ಹಾಗೆ ಇರುವುದಿಲ್ಲ. ತಿನ್ನುವ ಬಾಳೆಯಲ್ಲಿ ಬೀಜವೇ ಇಲ್ಲ. ಮಾವು, ಹಲಸು, ಕೋಕೋ ಬೀಜಗಳು ಒಣಗಿದರೆ ಸಾಯುತ್ತವೆ. ಮೈನಸ್ 18 ಡಿಗ್ರಿಯ ಬೀಜ ಬ್ಯಾಂಕುಗಳಲ್ಲಿ ಇವಕ್ಕೆ ಜಾಗ ಇಲ್ಲ. ಹಾಗಾಗಿ ಹೊಲದಲ್ಲೇ ಬೆಳೆಸುತ್ತಾ ಇರಬೇಕು, ಇಲ್ಲವೇ ನಳಿಗೆಗಳಲ್ಲಿ. ಹೊಲದಲ್ಲಿ ರೋಗ, ಬಿರುಗಾಳಿ, ನೆರೆ. ನಳಿಗೆಯಲ್ಲಿ ಬೂಸು, ತಿಂಗಳು ತಿಂಗಳಿಗೂ ಹೊಸ ಆಹಾರಕ್ಕೆ ಬದಲಾಯಿಸುವ ಕೆಲಸ. ಜೊತೆಗೆ ತಳಿಯ ಹೆಸರಿನ ಚೀಟಿ ಅದಲುಬದಲಾಗುವ ಭಯ. ಇದೇ ದೊಡ್ಡ ಶತ್ರು ಅನ್ನುವುದು ನನ್ನ ಅನುಭವ.

ಮೈನಸ್ 196 ಡಿಗ್ರಿಯಲ್ಲಿ ಕೋಶದ ಕೆಲಸವೆಲ್ಲ ನಿಂತಿರುತ್ತದೆ. ಬೆಳೆಯುವುದಿಲ್ಲ, ಮುದಿಯಾಗುವುದಿಲ್ಲ. ಟ್ಯಾಂಕಿಗೆ ದ್ರವ ತುಂಬಿಸುತ್ತಿದ್ದರೆ ಸಾಕು, ಕರೆಂಟೂ ಬೇಡ. ಲೂವೆನ್‌ನ ಬಾಳೆ ಸಂಗ್ರಹದಲ್ಲಿ 1,500ಕ್ಕೂ ಹೆಚ್ಚು ಮಾದರಿಗಳಿವೆ. ಅವು ನಳಿಗೆಗಳಲ್ಲಿ 16 ಡಿಗ್ರಿಯಲ್ಲಿ ನಿಧಾನಕ್ಕೆ ಬೆಳೆಯುತ್ತವೆ, ಬಹುಪಾಲು ಟ್ಯಾಂಕಿಗೂ ಹೋಗಿವೆ. ಅಮೆರಿಕದ ಫೋರ್ಟ್ ಕಾಲಿನ್ಸ್‌ನಲ್ಲಿ ಸೇಬಿನ ಮೊಗ್ಗುಗಳು, ಜರ್ಮನಿಯ ಗಾಟರ್ಸ್‌ಲೇಬನ್‌ನಲ್ಲಿ ಆಲೂಗಡ್ಡೆ ಮತ್ತು ಬೆಳ್ಳುಳ್ಳಿ ಇವೆ. ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದಲ್ಲಿ ಸಾವಿರಾರು ಆಲೂಗಡ್ಡೆ ತಳಿಗಳು ಹೀಗೆ ಮಲಗಿವೆ. ಸಿಹಿಗೆಣಸಿನ ದೊಡ್ಡ ಸಂಗ್ರಹವೂ ಅಲ್ಲೇ ಇದೆ.

ಇಲ್ಲಿ ಒಂದು ಎಚ್ಚರ. ಕ್ರಯೋದಲ್ಲಿ ಇಟ್ಟ ಕುಡಿಯೆಲ್ಲ ಶುದ್ಧ ಎಂದುಕೊಳ್ಳಬೇಡಿ. ಗುಮ್ಮಟದ ಜೊತೆ ಕೆಳಗಿನ ಕೆಲವು ಕೋಶಗಳೂ ಬದುಕಿದರೆ ವೈರಸ್ ಅಲ್ಲೇ ಉಳಿದಿರುತ್ತದೆ. ಇಪ್ಪತ್ತು ವರ್ಷ ಬಿಟ್ಟು ತೆಗೆದರೂ ಗಿಡದ ಜೊತೆ ಅದೂ ಏಳುತ್ತದೆ. ಗಿಡಕ್ಕೂ ವೈರಸ್ಸಿಗೂ ಅಲ್ಲಿ ಕಾಲ ನಿಂತಿರುತ್ತದೆ, ಅಲ್ವಾ? ಹೆಚ್ಚು ಗಿಡ ಬದುಕಲಿ ಎಂದು ಮೃದುವಾಗಿ ತಣಿಸಿದಷ್ಟೂ ರೋಗದ ಕೋಶಗಳೂ ಬದುಕುತ್ತವೆ. ಸಂಗ್ರಹಕ್ಕೆ ಇಡುವವರಿಗೆ ಹೆಚ್ಚು ಗಿಡ ಬದುಕಬೇಕು. ರೋಗ ಬಿಡಿಸುವವರಿಗೆ ಕಡಿಮೆ ಬದುಕಿದರೂ ಶುದ್ಧ ಇರಬೇಕು. ಹಾಗಾಗಿ ಮೊದಲು ಶುದ್ಧ ಮಾಡಿ, ಪರೀಕ್ಷೆ ಮಾಡಿ, ಆಮೇಲೆ ಇಡುವುದು ನನ್ನ ಪದ್ಧತಿ.

ದ್ರವ ಸಾರಜನಕ ಎಲ್ಲೋ ಸಿಗುತ್ತದೆ ಎಂದು ಮನೆಗೆ ತರಬೇಡಿ. ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಮುಚ್ಚಿದ ಕೋಣೆಯಲ್ಲಿ ಉಸಿರಾಡುವ ಆಮ್ಲಜನಕವನ್ನು ಹೊರಗೆ ತಳ್ಳಿಬಿಡುತ್ತದೆ. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ತಿಳಿಯುವ ಹೊತ್ತಿಗೆ ಪ್ರಜ್ಞೆ ತಪ್ಪಿರುತ್ತದೆ. ನನ್ನ ಕೈಯಲ್ಲಿ ಒಮ್ಮೆ ಸರಿಯಾಗಿ ಮುಚ್ಚದ ನಳಿಗೆಯೊಳಗೆ ದ್ರವ ಸೇರಿಕೊಂಡು, ಬೆಚ್ಚಗಾಗುತ್ತಿದ್ದ ಹಾಗೆ ಪಟಾಕಿಯಂತೆ ಸಿಡಿಯಿತು. ಮುಖಕ್ಕೆ ರಕ್ಷಾಪಟ್ಟಿ ಇತ್ತು, ಬಚಾವಾದೆ.

ನೀವು ಮಾಡಬೇಕಾದದ್ದು ಇದು. ಅಂಗಾಂಶ ಕೃಷಿ ಮತ್ತು ವೈರಸ್ ಪರೀಕ್ಷೆ ಎರಡೂ ಇರುವ ಪ್ರಯೋಗಾಲಯ ಹುಡುಕಿ. ಅವರು ಬರೀ ಮೆರಿಸ್ಟೆಮ್ ಕೃಷಿ ಸಾಕು ಎಂದರೆ ಬೇಸರ ಬೇಡ. ಬಿಸಿ ಚಿಕಿತ್ಸೆ ಸೇರಿಸಿ ಅದರಲ್ಲೇ ಎಷ್ಟೋ ತಳಿಗಳು ಶುದ್ಧವಾಗಿವೆ. ಕ್ರಯೋಥೆರಪಿ ಹೆಸರು ಕೇಳಲು ಚೆಂದ, ಆದರೆ ತಳಿ ತಳಿಗೂ ಸಮಯ, ಸಕ್ಕರೆ, ಹದ ಎಲ್ಲ ಬದಲಾಗುತ್ತದೆ. ಒಂದೇ ಒಂದು ತಳಿಗೆ ಅದನ್ನು ಹದಕ್ಕೆ ತರುವುದು ತಿಂಗಳುಗಳ ಕೆಲಸ.

ಸಸಿ ಕೈಗೆ ಬಂದ ಮೇಲೂ ಒಂದೇ ಪರೀಕ್ಷೆಗೆ ನಂಬಬೇಡಿ. ಚಿಕಿತ್ಸೆ ಆದ ಕೂಡಲೇ ವೈರಸ್ ಇದ್ದರೂ ತುಂಬಾ ಕಡಿಮೆ ಇರುತ್ತದೆ, ವೈರಸ್ಸಿನ ವಂಶವಾಹಿಯನ್ನು ಹುಡುಕುವ ಸೂಕ್ಷ್ಮ ಪರೀಕ್ಷೆಯಾದ ಪಿಸಿಆರ್‌ಗೂ ಸಿಗದೇ ಹೋಗಬಹುದು. ಮಣ್ಣಿಗೆ ನೆಟ್ಟು ಕೆಲವು ತಿಂಗಳು ಬೆಳೆದ ಮೇಲೆ ಮತ್ತೆ ಮಾಡಿಸಿ. ಗೆಣಸಿಗೆ ಇನ್ನೂ ಒಂದು ಹಳೆಯ, ನಂಬಿಕೆಯ ಪರೀಕ್ಷೆ ಇದೆ. ಐಪೊಮಿಯ ಸೆಟೋಸಾ ಎಂಬ ಸೋದರ ಬಳ್ಳಿಗೆ ನಿಮ್ಮ ಗೆಣಸಿನ ತುಂಡನ್ನು ಕಸಿ ಕಟ್ಟುತ್ತಾರೆ. ಗೆಣಸು ಮುಚ್ಚಿಟ್ಟ ರೋಗವನ್ನು ಆ ಬಳ್ಳಿಯ ಎಲೆಗಳು ಕೆಲವೇ ವಾರದಲ್ಲಿ ಹೊರಹಾಕುತ್ತವೆ.

ಶುದ್ಧವಾದ ಗಿಡಕ್ಕೆ ರೋಗ ತಡೆಯುವ ಶಕ್ತಿಯೇನೂ ಹೊಸದಾಗಿ ಬಂದಿರುವುದಿಲ್ಲ. ಒಂದು ಬಿಳಿನೊಣ ಬಂದರೆ ಕತೆ ಮತ್ತೆ ಮೊದಲಿಂದ. ಹಾಗಾಗಿ ನಾಲ್ಕಾರು ತಾಯಿಗಿಡಗಳನ್ನು ಸಣ್ಣ ಕಣ್ಣಿನ ಕೀಟಬಲೆಯೊಳಗೆ ಇಟ್ಟುಕೊಂಡು, ನಾಟಿಗೆ ಬಳ್ಳಿಯನ್ನು ಅಲ್ಲಿಂದಲೇ ಕತ್ತರಿಸಿ. ಹಳೆಯ ರೋಗದ ಬಳ್ಳಿಯನ್ನು ದೂರ ಇಡಿ, ಆದರೆ ಹೊಸ ಗಿಡ ಗೆಡ್ಡೆ ಬಿಟ್ಟು ಅದೇ ತಳಿ ಎಂದು ಕಣ್ಣಾರೆ ನೋಡುವವರೆಗೆ ಎಸೆಯಬೇಡಿ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪ್ರಯೋಗಾಲಯದಲ್ಲಿ ಎಲ್ಲವನ್ನೂ ಆಲ್ಕೋಹಾಲ್‌ನಿಂದ ಒರೆಸುತ್ತಾರೆ, ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.